ಹಬ್ಬದ ರಾತ್ರಿ ಬಾಗಿಲು ತಟ್ಟುವವರು



ಡಿಸೆಂಬರ್ ಬಂತೆಂದರೆ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಇಗರ್ಜಿಯ ಹುಡುಗರು ಸಂಜೆ ಹೊತ್ತು ಮನೆಮನೆಗೆ ಕ್ಯಾರಲ್ ಹಾಡಲು ಹೊರಡುತ್ತಾರೆ. ಒಂದು ಗಿಟಾರು, ಒಂದು ಡ್ರಮ್ಮು, ಜೊತೆಗೆ ಕೆಂಪು ಅಂಗಿಯ ಕ್ರಿಸ್‌ಮಸ್ ತಾತ. ತಾತನ ಮುಖಕ್ಕೆ ಪ್ಲಾಸ್ಟಿಕ್ ಮುಖವಾಡ: ಗುಲಾಬಿ ಕೆನ್ನೆ, ಹತ್ತಿಯ ಗಡ್ಡ, ಮುಚ್ಚಲು ಬಾರದ ನಗು, ಕಣ್ಣಿರಬೇಕಾದ ಕಡೆ ಎರಡು ತೂತು. ಚಾಕಲೇಟು ಕೊಡ್ತಾನೆ, ಕೈ ಒಡ್ಡು ಎಂದು ದೊಡ್ಡವರು ಮಗುವನ್ನು ಮುಂದಕ್ಕೆ ತಳ್ಳಿದರೆ ಎರಡು ವರ್ಷದ ಕೂಸು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ ಕಿರುಚುತ್ತದೆ. ಸುತ್ತಲಿದ್ದವರು ನಗುತ್ತಾರೆ. ಆದರೆ ಕ್ರಿಸ್‌ಮಸ್ಸಿನ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಕೂಸಿನ ಪರವಾಗಿಯೇ ಸಾಕ್ಷಿ ಹೇಳಬೇಕಾಗುತ್ತದೆ. ಆ ಹಬ್ಬ ಬಹುಕಾಲ ಹೆದರಿಸುವ ಹಬ್ಬವೂ ಆಗಿತ್ತು.

ಆಸ್ಟ್ರಿಯಾ, ಬವೇರಿಯಾ, ಇಟಲಿಯ ಉತ್ತರದ ಬೆಟ್ಟಸೀಮೆ, ಸ್ಲೊವೇನಿಯಾ ಇವೆಲ್ಲ ಆಲ್ಪ್ಸ್ ಪರ್ವತದ ಮಲೆನಾಡು. ಅಲ್ಲಿ ಡಿಸೆಂಬರ್ 5ರ ರಾತ್ರಿ ಸಂತ ನಿಕೋಲಸ್ ಮನೆಗಳಿಗೆ ಬರುತ್ತಾನೆ. ಮರುದಿನ ಅವನ ಹಬ್ಬ. ಬಿಳಿ ಗಡ್ಡ, ಬಿಷಪ್ಪನ ಎತ್ತರದ ಟೋಪಿ, ಕೈಯಲ್ಲಿ ದಂಡ, ಚೀಲದಲ್ಲಿ ಸೇಬು, ಒಣಬೀಜ, ಸಿಹಿತಿಂಡಿ. ಅವನೊಬ್ಬನೇ ಬಂದಿದ್ದರೆ ತಕರಾರಿರಲಿಲ್ಲ. ಬೆನ್ನಹಿಂದೆ ಕ್ರಾಂಪಸ್ ಇರುತ್ತಾನೆ. ಹೋತದ ಕೊಂಬು, ಗದ್ದ ದಾಟಿ ಜೋಲುವ ಕೆಂಪು ನಾಲಗೆ, ಮೈತುಂಬ ಕುರಿಯದೋ ಆಡಿನದೋ ಚರ್ಮ, ಸೊಂಟಕ್ಕೆ ದೊಡ್ಡ ದೊಡ್ಡ ಗಂಟೆ, ನೆಲದ ಮೇಲೆ ಎಳೆದಾಡುವ ಸರಪಳಿ, ಕೈಯಲ್ಲಿ ಬರ್ಚ್ ಮರದ ಬರಲಿನ ಕಟ್ಟು, ಬೆನ್ನಿಗೊಂದು ಬುಟ್ಟಿ. ಬುಟ್ಟಿ ಯಾಕೆಂದರೆ, ಮಾತು ಕೇಳದ ಮಕ್ಕಳನ್ನು ಅದರಲ್ಲಿ ಹಾಕಿಕೊಂಡು ಹೋಗಲು. ಮುಖವಾಡವನ್ನು ಮರದಲ್ಲಿ ಕೆತ್ತುತ್ತಾರೆ. ಕೆತ್ತುವುದನ್ನೇ ಕಸುಬು ಮಾಡಿಕೊಂಡವರು ಅಲ್ಲಿ ಇಂದಿಗೂ ಇದ್ದಾರೆ.

ಕ್ರಾಂಪಸ್‌ನ ಬಂಧುಬಳಗ ದೊಡ್ಡದು. ಫ್ರಾನ್ಸಿನಲ್ಲಿ ಚಾಟಿ ಹಿಡಿದ ಪೆರ್ ಫುಯೆತಾರ್, ಜರ್ಮನಿಯಲ್ಲಿ ಕ್ನೆಖ್ಟ್ ರುಪ್ರೆಖ್ಟ್. ಅಲ್ಸೇಸಿನ ಹಾನ್ಸ್ ಟ್ರಾಪ್‌ನ ಕತೆ ವಿಚಿತ್ರ. ಅವನು ನಿಜವಾಗಿ ಬದುಕಿದ್ದ ಮನುಷ್ಯ, ಹಾನ್ಸ್ ಫೋನ್ ಟ್ರೋಟಾ ಎಂಬ ಪಾಳೆಯಗಾರ, ಸತ್ತದ್ದು 1503ರಲ್ಲಿ. ಪಕ್ಕದ ಮಠದೊಂದಿಗೆ ಆಸ್ತಿ ಜಗಳ ಬಿದ್ದಾಗ ಹೊಳೆಗೆ ಒಡ್ಡು ಕಟ್ಟಿ ಮಠದ ಊರಿಗೆ ನೀರು ತಪ್ಪಿಸಿದ, ಆಮೇಲೆ ಒಡ್ಡು ಒಡೆದು ಊರನ್ನು ಮುಳುಗಿಸಿದ. ಚರ್ಚು ಅವನಿಗೆ ಬಹಿಷ್ಕಾರ ಹಾಕಿತು. ಸತ್ತ ಮೇಲೆ ಜನರ ಬಾಯಲ್ಲಿ ಅವನು ಮಕ್ಕಳನ್ನು ತಿನ್ನುವವನಾದ. ನೀರಿನ ಜಗಳ ಮನುಷ್ಯನನ್ನು ಎಲ್ಲಿಯವರೆಗೆ ಕೊಂಡೊಯ್ಯುತ್ತದೆ ನೋಡಿ.

ಇವರಿಗಿಂತ ನನಗೆ ಹೆಚ್ಚು ಕುತೂಹಲ ಇಬ್ಬರು ಹೆಂಗಸರ ಬಗ್ಗೆ. ಒಬ್ಬಳು ಆಲ್ಪ್ಸ್‌ನ ಪೆರ್ಖ್ಟಾ. ಕ್ರಿಸ್‌ಮಸ್ಸಿನಿಂದ ಜನವರಿ 6ರವರೆಗಿನ ಹನ್ನೆರಡು ರಾತ್ರಿ ಅವಳ ಸಂಚಾರ. ಹಬ್ಬದೊಳಗೆ ನೂಲು ತೆಗೆದು ಮುಗಿಸದ ಹೆಂಗಸರು ಸಿಕ್ಕಿದರೆ ಹೊಟ್ಟೆ ಸೀಳಿ ಹುಲ್ಲು ಕಲ್ಲು ತುಂಬಿ ಹೊಲಿಯುತ್ತಾಳೆ. ಸಾಲ್ಸ್‌ಬರ್ಗ್ ಸೀಮೆಯ ರೌರಿಸ್ ಕಣಿವೆಯಲ್ಲಿ ಇಂದಿಗೂ ಜನವರಿ 5ರ ರಾತ್ರಿ ಉದ್ದ ಕೊಕ್ಕು ಕಟ್ಟಿಕೊಂಡ ವೇಷಗಳು ಪೊರಕೆ, ಕತ್ತರಿ ಹಿಡಿದು ಮನೆಯೊಳಗೆ ಬಂದು ಕಸ ಗುಡಿಸಿದೆಯೋ ಇಲ್ಲವೋ ಎಂದು ಮೂಲೆಮೂಲೆ ನೋಡುತ್ತವೆ. ಇನ್ನೊಬ್ಬಳು ಐಸ್‌ಲೆಂಡಿನ ಗ್ರೀಲಾ, ಸದಾ ಹಸಿದ ರಾಕ್ಷಸಿ. 13ನೇ ಶತಮಾನದ ಬರಹದಲ್ಲೇ ಅವಳ ಹೆಸರಿದೆ, ಆದರೆ ಆಗ ಅವಳಿಗೂ ಕ್ರಿಸ್‌ಮಸ್ಸಿಗೂ ಸಂಬಂಧವಿರಲಿಲ್ಲ. ಅದು ಕೂಡಿಕೊಂಡದ್ದು 17ನೇ ಶತಮಾನದಲ್ಲಿ. ಈಗ ಅವಳಿಗೆ ಹದಿಮೂರು ಗಂಡುಮಕ್ಕಳು, ಮನೆಯಲ್ಲೊಂದು ದೈತ್ಯ ಬೆಕ್ಕು. ಹಬ್ಬಕ್ಕೆ ಹೊಸಬಟ್ಟೆ ಇಲ್ಲದವರನ್ನು ಆ ಬೆಕ್ಕು ತಿನ್ನುತ್ತದೆ. ಕುರಿ ಉಣ್ಣೆಯ ಕೆಲಸ ಮುಗಿಸಿದವರಿಗೆ ಹೊಸಬಟ್ಟೆ, ಮೈಗಳ್ಳರಿಗೆ ಬೆಕ್ಕು.

ಇಲ್ಲಿ ಸ್ವಲ್ಪ ನಿಲ್ಲೋಣ. ಪೆರ್ಖ್ಟಾ ಹೊಟ್ಟೆ ಸೀಳುವುದು ಹಟ ಮಾಡುವ ಮಗುವಿನದಲ್ಲ, ನೂಲು ಮುಗಿಸದ ಹೆಂಗಸಿನದು. ಬೆಕ್ಕು ಕಾಯುವುದು ಉಣ್ಣೆ ಬಾಚದ ಆಳನ್ನು. ಅಂದರೆ ಈ ಗುಮ್ಮಗಳ ಕಣ್ಣು ದೊಡ್ಡವರ ಮೇಲೂ ಇತ್ತು, ಅದರಲ್ಲೂ ದುಡಿಯುವವರ ಮೇಲೆ. ಮಕ್ಕಳನ್ನಂತೂ ಬಿಟ್ಟಿರಲಿಲ್ಲ.  ಆ ಹೆದರಿಕೆ ಎಷ್ಟು ಅತಿಯಾಯಿತೆಂದರೆ, ಇಂಥ ಪಿಶಾಚಿಗಳ ಹೆಸರು ಹೇಳಿ ಮಕ್ಕಳನ್ನು ಹೆದರಿಸಕೂಡದು ಎಂದು 1746ರಲ್ಲಿ ಐಸ್‌ಲೆಂಡಿನ ತಾಯಿತಂದೆಯರಿಗೆ ಸರ್ಕಾರಿ ಆಜ್ಞೆಯೇ ಹೊರಟಿತು. ಗ್ರೀಲಾ ಮಾತ್ರ ಆ ಆಜ್ಞೆಯನ್ನು ಓದಿದಂತೆ ಕಾಣುವುದಿಲ್ಲ.

ಇವೆಲ್ಲ ಎಲ್ಲಿಂದ ಬಂದವು? ಕೇಳಿದರೆ ಸಿಗುವ ಸಿದ್ಧ ಉತ್ತರ ಒಂದಿದೆ. ಕ್ರೈಸ್ತಧರ್ಮ ಬರುವ ಮೊದಲು ಇವರೆಲ್ಲ ದೇವರಾಗಿದ್ದರು, ಚರ್ಚು ಬಂದು ದೆವ್ವ ಮಾಡಿತು, ಎಂಬುದು. ಈ ಮಾತಿಗೆ ಬಲ ಕೊಟ್ಟವನು ಜರ್ಮನಿಯ ಯಾಕೋಬ್ ಗ್ರಿಮ್. ತಮ್ಮನ ಜೊತೆ ಸೇರಿ ಅಡಗೂಲಜ್ಜಿ ಕತೆಗಳನ್ನು ಕೂಡಿಹಾಕಿದನಲ್ಲ, ಅವನೇ. 1835ರಲ್ಲಿ ಅವನು ಜರ್ಮನ್ ಪುರಾಣಗಳ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಪೆರ್ಖ್ಟಾಳನ್ನು ಹಳೆಯ ದೇವತೆಯ ಪೀಠದಲ್ಲಿ ಕೂರಿಸಿದ. ಕೇಳಲು ಬಹಳ ಚೆಂದ. ಆದರೆ ಕಾಗದಪತ್ರಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ನಿಕೋಲಸ್‌ನ ಬೆನ್ನಿಗೆ ಕೊಂಬಿನ ಜೊತೆಗಾರ ಕಾಣಿಸಿಕೊಳ್ಳುವುದು ಕಳೆದ ನಾಲ್ಕೈದು ಶತಮಾನದ ದಾಖಲೆಗಳಲ್ಲಿ. ಇಂದು ನಾವು ಚಿತ್ರದಲ್ಲಿ ನೋಡುವ ಕ್ರಾಂಪಸ್‌ನ ಮುಖ ತಿದ್ದಿಕೊಂಡದ್ದಂತೂ 1890ರ ದಶಕದಿಂದ ರಾಶಿರಾಶಿ ಮಾರಾಟವಾದ ಹಬ್ಬದ ಕಾರ್ಡುಗಳಲ್ಲಿ. ಸಾವಿರಾರು ವರ್ಷದ್ದು ಎಂದರೆ ಗೌರವ ಹೆಚ್ಚುತ್ತದೆ; ಹಾಗೆ ಹೇಳುವವರು ನಮ್ಮಲ್ಲೂ ಪ್ರತಿ ಗುಡಿಯ ಮುಂದೆ ಇದ್ದಾರೆ.

ಯಾವ ದೇವರು ಎಂದು ಹುಡುಕುವುದಕ್ಕಿಂತ ಯಾವ ಕಾಲ, ಯಾವ ಬಾಗಿಲು ಎಂದು ಕೇಳುವುದು ಹೆಚ್ಚು ಫಲಕೊಡುತ್ತದೆ ಎಂದು ನನ್ನ ಎಣಿಕೆ. ಬೆಳೆ ಮನೆ ಸೇರಿದೆ, ಕೊಟ್ಟಿಗೆಯ ಹಂದಿ ಕೊಯ್ದಾಗಿದೆ, ಕಣಜ ತುಂಬಿದೆ, ಹೊರಗೆ ಹಿಮ. ಕೂಲಿಯವರಿಗೆ ಕೆಲಸವಿಲ್ಲ. ಇರುವವರ ಮನೆಯ ಬಾಗಿಲನ್ನು ಇಲ್ಲದವರು ತಟ್ಟಬೇಕಾದ ಕಾಲ ಅದು. ಬರಿಮುಖದಲ್ಲಿ ಬಂದರೆ ಭಿಕ್ಷೆ, ಮುಖ ಮುಚ್ಚಿ ಬಂದರೆ ಹಕ್ಕು. ವೇಲ್ಸ್ ಸೀಮೆಯ ಮಾರಿ ಲ್ವಿಡ್ ಇದಕ್ಕೆ ಒಳ್ಳೆಯ ಉದಾಹರಣೆ. ಕುದುರೆಯ ತಲೆಬುರುಡೆಯನ್ನು ಕೋಲಿಗೆ ಸಿಕ್ಕಿಸಿ, ಬಿಳಿ ದುಪ್ಪಟಿ ಹೊದಿಸಿ, ದವಡೆ ಕಟಕಟ ಆಡಿಸುತ್ತ ಗಂಡಸರ ಗುಂಪು ಬಾಗಿಲ ಹೊರಗೆ ನಿಂತು ಹಾಡುತ್ತದೆ. ಒಳಗಿನವರು ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ನಿಂತುಹೋದರೆ ಬಾಗಿಲು ತೆಗೆದು ತಿನ್ನಲು ಕುಡಿಯಲು ಕೊಡಬೇಕು.

ಬಾಗಿಲು ತೆಗೆಸುವ ಹಾಡು ಎಂದ ಕೂಡಲೆ ನಮ್ಮ ಕಡೆಯವರಿಗೆ ನೆನಪಾಗಬೇಕಾದದ್ದು ಅಂಟಿಗೆ ಪಂಟಿಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ದೀವರು, ಒಕ್ಕಲಿಗರು, ಇನ್ನೂ ಹಲವು ಜನ ಊರ ದೇವಸ್ಥಾನದಲ್ಲಿ ಹಚ್ಚಿದ ದೀಪವನ್ನು ಆರದಂತೆ ಕಾಪಾಡಿಕೊಂಡು ಮನೆಮನೆಗೆ ಹೋಗುತ್ತಾರಲ್ಲ, ಅದು. ಹಬ್ಬ ಹಾಡುವುದು ಎಂದೂ ಹೇಳುತ್ತಾರೆ. ಬಾಗಿಲು ಮುಚ್ಚಿದ ಮನೆಯ ಮುಂದೆ ನಿಂತು ಬಾಗಿಲು ತೆಗೆಸುವ ಪದದಿಂದಲೇ ಶುರು. ಬಾಗಿಲು ತೆರೆದರೆ ಮನೆಯೊಡತಿ ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತನ್ನ ದೀಪ ಹೊತ್ತಿಸಿಕೊಂಡು, ಅಕ್ಕಿ, ಅಡಿಕೆ, ಹೋಳಿಗೆ, ಕಾಸು ಕೊಟ್ಟು ಕಳಿಸುತ್ತಾಳೆ. ಗುಡ್ಡ ಇಳಿದು, ಸಂಕ ದಾಟಿ, ನಾಯಿಗಳ ಬೊಗಳಿನ ನಡುವೆ ಒಂಟಿಮನೆಗಳನ್ನು ಹುಡುಕಿಕೊಂಡು ಬೆಳಗಾಗುವವರೆಗೂ ನಡೆಯುತ್ತಾರೆ. ವೇಲ್ಸ್‌ನಲ್ಲಿ ಕುದುರೆಯ ಬುರುಡೆ, ಇಲ್ಲಿ ದೀಪ. ಉಳಿದ ವ್ಯವಸ್ಥೆಯೆಲ್ಲ ಒಂದೇ.

ಹೆದರಿಕೆಯ ಪಾಲು ಇಲ್ಲಿಲ್ಲವೇ ಎಂದರೆ, ಅದೇ ಹಬ್ಬದ ಇನ್ನೊಂದು ರಾತ್ರಿಯಲ್ಲಿದೆ. ಬೂರೆ ಹಬ್ಬದ ಮುನ್ನಾರಾತ್ರಿ ಬೂರೆಗಳವು, ಅಂದರೆ ಹಬ್ಬದ ಹೆಸರಿನ ಕಳ್ಳತನ. ಸೌತೆಕಾಯಿ, ಎಳನೀರು, ಬಾಳೆಗೊನೆ ಯಾವುದೂ ಭದ್ರವಲ್ಲ. ಒಬ್ಬರ ಮನೆಯ ಏಣಿ ಬೆಳಗಾಗುವುದರೊಳಗೆ ಇನ್ನೊಬ್ಬರ ಅಂಗಳದಲ್ಲಿ. ಬೈದರೆ ಬೈದವನೇ ನಗೆಗೀಡು. ಬಡವರ ಮನೆಯ ಹುಡುಗರಿಗೆ ಗೌಡರ ಹಿತ್ತಲಿಗೆ ನುಗ್ಗಲು ವರ್ಷಕ್ಕೆ ಒಂದು ರಾತ್ರಿಯ ಪರವಾನಗಿ.

ನಮ್ಮ ಮಲೆನಾಡಿಗೆ ನಿಜವಾಗಿ ಕತ್ತಲೆಯ ಕಾಲ ಡಿಸೆಂಬರ್ ಅಲ್ಲ, ಆಷಾಢ. ಡಿಸೆಂಬರಿನಲ್ಲಿ ನಮಗೆ ಅಡಿಕೆ ಕೊಯ್ಲು, ಸುಲಿಯುವ ಮನೆಯಲ್ಲಿ ಮಾತುಕತೆ, ಕೈಯಲ್ಲಿ ಸ್ವಲ್ಪ ದುಡ್ಡು. ಆದರೆ ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುವ ಮಳೆಯ ಬಹುಪಾಲು ಬೀಳುವ ಆ ತಿಂಗಳುಗಳಲ್ಲಿ, ಹಿಂದಿನ ದಿನಗಳನ್ನು ನೆನೆಯಿರಿ. ಅಕ್ಕಿ ಮುಗಿಯುತ್ತ ಬಂದಿದೆ, ಹೊಳೆ ದಾಟುವಂತಿಲ್ಲ, ಮನೆಯಲ್ಲೊಬ್ಬರಿಗೆ ಜ್ವರ. ಘಟ್ಟದ ಕೆಳಗೆ ತುಳುನಾಡಿನಲ್ಲಿ ಆಟಿ ತಿಂಗಳ ಕೇಡು ಕಳೆಯಲು ನಲಿಕೆ ಜನಾಂಗದವರು ತೆಂಗಿನ ಎಳೆಗರಿ ಸುತ್ತಿಕೊಂಡು, ಮುಖಕ್ಕೆ ಬಣ್ಣ ಹಚ್ಚಿ ಆಟಿ ಕಳೆಂಜನಾಗಿ ಮನೆಗೆ ಬರುತ್ತಾರೆ. ಘಟ್ಟದ ಮೇಲೆ ಆ ಕೇಡಿನ ಹೆಸರು ಮಾರಿ. ರೋಗರುಜಿನ ಬಂತೆಂದರೆ ಮಾರಿಯನ್ನು ಊರ ಗಡಿ ದಾಟಿಸಿ ಬರುತ್ತಿದ್ದರು. ಗಡಿಯಾಚೆಯ ಊರಿನವರು ಏನು ಮಾಡಬೇಕು? ಅವರು ತಮ್ಮ ಗಡಿ ದಾಟಿಸಬೇಕು.

ಮಾರಿ ಎಂದರೆ ಸಿಡುಬು ಎಂದು ನಂಬಿದ್ದ ಕಾಲ ಅದು. 1975ರಲ್ಲಿ ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಮುಗಿಯಿತು. ರೋಗ ಹೋಯಿತು, ದೇವಿ ಹೋಗಲಿಲ್ಲ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಮೊದಲಿಗಿಂತ ಜೋರಾಗಿಯೇ ನಡೆಯುತ್ತಿದೆ. ಅವಳಿಗೆ ಊರಲ್ಲೇ ತವರುಮನೆಯೂ ಉಂಟು, ಗಂಡನ ಮನೆಯೂ ಉಂಟು. ಕೆಂಪು ಮುಖ, ಬಿರಿದ ಕಣ್ಣು, ಕೈತುಂಬ ಆಯುಧ. ಆದರೂ ಬಾಗಿನ, ಉಡಿ ತುಂಬುವುದು, ಮಗಳನ್ನು ತವರಿಗೆ ಕರೆತಂದ ಸಡಗರ.

ಆಲ್ಪ್ಸ್‌ಗೂ ನಮಗೂ ಇರುವ ದೊಡ್ಡ ಅಂತರ ಇಲ್ಲಿಯೇ ಕಾಣುವುದು. ಅಲ್ಲಿ ಕೆಲಸವನ್ನು ಇಬ್ಬರಿಗೆ ಹಂಚಿಬಿಟ್ಟರು: ಕೊಡುವುದು ಸಂತನ ಕೆಲಸ, ಹೊಡೆಯುವುದು ಕೊಂಬಿನವನ ಕೆಲಸ. ದೇವರು ಒಳ್ಳೆಯವನೇ ಆಗಿರಬೇಕೆಂದು ಹಟ ಹಿಡಿದರೆ ಹೆದರಿಸಲು ಬೇರೆ ಆಳು ಬೇಕೇ ಬೇಕಲ್ಲ. ನಮ್ಮಲ್ಲಿ ಮಾರಿ, ಚೌಡಿ, ಭೂತ ಯಾರನ್ನೇ ತೆಗೆದುಕೊಳ್ಳಿ, ಒಂದೇ ಕೈ ಹೊಡೆಯುವುದೂ ಹೌದು, ಕಾಯುವುದೂ ಹೌದು. ತೋಟದ ಮೂಲೆಯ ಮರದಡಿ ಕುಂಕುಮ ಮೆತ್ತಿದ ಕಲ್ಲೊಂದಿದ್ದರೆ ಅದು ಚೌಡಿ. ವರ್ಷಕ್ಕೊಮ್ಮೆ ಅವಳಿಗೆ ಸಲ್ಲಬೇಕಾದ್ದು ಸಲ್ಲದಿದ್ದರೆ ಮನೆಯವರಿಗೇ ಕಾಟ, ಸಂದರೆ ಕಳ್ಳರಿಗೆ ಕಾಟ. ಸಾಗರ ತಾಲ್ಲೂಕಿನ ಸಿಗಂದೂರು ಚೌಡೇಶ್ವರಿಯದಂತೂ ಈ ವಿಷಯದಲ್ಲಿ ರಾಜ್ಯಕ್ಕೇ ಹೆಸರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ದಾಟಿ ಲಾಂಚಿನಲ್ಲಿ ಹೋಗಬೇಕಿತ್ತು; 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ಕಾರು ಸೀದಾ ಹೋಗುತ್ತದೆ. ಅಲ್ಲಿಂದ ಭಕ್ತರು ತರುವುದು ಪ್ರಸಾದ ಮಾತ್ರವಲ್ಲ, ದೇವಿಯ ಕಾವಲಿದೆ ಎಂಬ ಬೋರ್ಡನ್ನೂ. ಅಡಿಕೆ ತೋಟದ ದಣಪೆಗೆ, ಕಟ್ಟುತ್ತಿರುವ ಮನೆಗೆ, ಬೋರ್‌ವೆಲ್ಲಿನ ಶೆಡ್ಡಿಗೆ ಅದು ತೂಗುತ್ತದೆ. ಕೆಲವು ಕಡೆ ಈಗ ಅದರ ಪಕ್ಕದಲ್ಲೇ ಸಿಸಿ ಕ್ಯಾಮೆರಾದ ಬೋರ್ಡೂ ಬಂದಿದೆ. ಕ್ಯಾಮೆರಾ ಕೆಟ್ಟರೂ ದೇವಿ ಇದ್ದಾಳೆ ಎಂಬ ಲೆಕ್ಕ ಇರಬೇಕು.

ದೆವ್ವಕ್ಕೆ ಬರೆದು ತೋರಿಸುವ ಈ ಉಪಾಯ ನಮಗೆ ಹೊಸತಲ್ಲ. ಊರೂರಿನ ಬಾಗಿಲ ಮೇಲೆ ನಾಳೆ ಬಾ ಎಂದು ಬರೆದದ್ದು ನಿಮಗೆ ನೆನಪಿರಬಹುದು. ಓದಿ ಮರಳುವ ದೆವ್ವ ದಿನವೂ ಓದಿ ಮರಳುತ್ತಲೇ ಇರುತ್ತದೆ. ಗ್ರೀಸಿನವರೂ ಇಂಥದೇ ಕಿಲಾಡಿಗಳು. ಕ್ರಿಸ್‌ಮಸ್ಸಿನ ಹನ್ನೆರಡು ದಿನ ಅಲ್ಲಿ ಭೂಮಿಯಡಿಯಿಂದ ಎದ್ದು ಬರುವ ಕಲಿಕಾಂಜಾರಿ ಎಂಬ ಕುಳ್ಳ ಪಿಶಾಚಿಗಳಿಗೆ ಹೊಸಿಲಲ್ಲಿ ತೂತಿನ ಜರಡಿ ಇಡುತ್ತಾರೆ. ಪಿಶಾಚಿ ತೂತು ಎಣಿಸಲು ಕೂರುತ್ತದೆ. ಮೂರು ಪವಿತ್ರ ಸಂಖ್ಯೆ, ಅದರ ಬಾಯಲ್ಲಿ ಬರುವಂತಿಲ್ಲ. ಹಾಗಾಗಿ ಒಂದು, ಎರಡು, ಮತ್ತೆ ಒಂದು, ಎರಡು, ಅಷ್ಟರಲ್ಲಿ ಬೆಳಗು.

ಇನ್ನು ಚಾಟಿಯ ವಿಷಯ. ಕ್ರಾಂಪಸ್‌ನ ಬರಲು ನೋಡಿದಾಗಲೆಲ್ಲ ನನಗೆ ನೆನಪಾಗುವುದು ದುರುಗಮುರುಗಿಯವರು. ಹೆಂಗಸಿನ ತಲೆಯ ಮೇಲೆ ಮಾರಮ್ಮನ ಪೆಟ್ಟಿಗೆ, ಕೈಯಲ್ಲಿ ಬುರ್ ಬುರ್ ಎಂದು ಗೊಗ್ಗರು ದನಿಯ ಉರುಮೆ. ಮುಂದೆ ಗಂಡಸು: ಬರಿಮೈ, ಸೊಂಟಕ್ಕೆ ಬಣ್ಣಬಣ್ಣದ ಬಟ್ಟೆ, ಕಾಲಿಗೆ ಗೆಜ್ಜೆ, ಬಿಚ್ಚಿದ ಕೂದಲು, ಹಣೆತುಂಬ ಅರಿಸಿನ ಕುಂಕುಮ. ಹುರಿಹಗ್ಗದ ಚಾಟಿ ಗಾಳಿಯಲ್ಲಿ ಸುತ್ತಿ ಛಟೀರೆನ್ನುತ್ತದೆ, ಬೀಳುವುದು ಅವನ ಬೆನ್ನ ಮೇಲೆಯೇ. ಕ್ರಾಂಪಸ್ ಕಂಡವರ ಕಾಲಿಗೆ ಬಾರಿಸುತ್ತಾನೆ, ಇವನು ತನ್ನನ್ನೇ ಹೊಡೆದುಕೊಂಡು ಮೊರದಲ್ಲಿ ಅಕ್ಕಿ ಪಡೆಯುತ್ತಾನೆ. ನೋಡುವ ಮಗುವಿಗೆ ಯಾವುದು ಹೆಚ್ಚು ಹೆದರಿಕೆ ಎಂದು ಹೇಳುವುದು ಕಷ್ಟ. ನೋಡುವ ದೊಡ್ಡವರಿಗೆ ನಾಚಿಕೆ ಆಗಬೇಕಾದದ್ದು ಯಾವುದು ಎಂಬುದು ಕಷ್ಟವಲ್ಲ.

ಬುಡಬುಡಿಕೆಯವರೂ ಹಾಗೆಯೇ. ಬೆಳಗಿನ ಜಾವ ಮಂಜಿನಲ್ಲಿ ಪುಟ್ಟ ಡಮರು ಬಡಿಯುತ್ತ, ಹಕ್ಕಿಯ ಶಕುನ ಹೇಳುತ್ತ ಬರುವ ಅವರು ಸುಡುಗಾಡಿನಿಂದಲೇ ಎದ್ದು ಬಂದರೆಂದು ಮಕ್ಕಳ ನಂಬಿಕೆ. ಊಟ ಮಾಡದಿದ್ದರೆ ಬುಡಬುಡಿಕೆಯವನಿಗೆ ಕೊಟ್ಟುಬಿಡ್ತೀನಿ ನೋಡು ಎನ್ನುವ ಬೆದರಿಕೆ ಕೇಳದೆ ಬೆಳೆದವರು ನಮ್ಮ ಕಡೆ ಕಡಿಮೆ. ಪುರಂದರದಾಸರ ಕೃಷ್ಣನೂ ಗುಮ್ಮನಿಗೆ ಹೆದರಿದವನೇ, ಆದರೆ ಆ ಗುಮ್ಮನಿಗೆ ಜಾತಿಯಿಲ್ಲ, ಊರಿಲ್ಲ, ಯಾರ ಮನೆಯ ಅಪ್ಪನೂ ಅಲ್ಲ. ನಾವು ಗುಮ್ಮ ಮಾಡಿದ್ದು ನಿಜವಾದ ಅಲೆಮಾರಿಗಳನ್ನು. ಹಾಲೆಂಡಿನವರಿಗೂ ಈ ಕಳಂಕ ಅಂಟಿದೆ. 1850ರಲ್ಲಿ ಯಾನ್ ಶೆಂಕ್‌ಮನ್ ಎಂಬ ಶಿಕ್ಷಕ ಬರೆದ ಮಕ್ಕಳ ಪುಸ್ತಕದಲ್ಲಿ ಸಂತ ನಿಕೋಲಸ್‌ಗೆ ಕಪ್ಪು ಬಣ್ಣದ ಸೇವಕನೊಬ್ಬ ಜೊತೆಯಾದ. ಅವನೇ ಕಪ್ಪು ಪೀಟ್ ಆಗಿ, ಮುಖಕ್ಕೆ ಮಸಿ ಬಳಿದು ತುಟಿಗೆ ಕೆಂಪು ಹಚ್ಚಿದ ಸಾವಿರಾರು ವೇಷಗಳಾಗಿ ಬೀದಿಗಿಳಿದ. ಕಪ್ಪು ಜನ ಇದು ನಮ್ಮ ಅವಮಾನ ಎಂದು ವರ್ಷಗಟ್ಟಲೆ ಕೂಗಿದ ಮೇಲೆ ಹಲವು ಊರುಗಳು ಪೂರ್ತಿ ಬಳಿಯುವುದನ್ನು ಬಿಟ್ಟು ಕೆನ್ನೆಗೆ ಹೊಗೆಗೂಡಿನ ಮಸಿಯ ನಾಲ್ಕು ಗೆರೆಗೆ ಇಳಿದಿವೆ. ನಮ್ಮಲ್ಲಿ ಜೋಳಿಗೆಯವರು ಮಕ್ಕಳನ್ನು ಹಿಡಿಯುತ್ತಾರೆ ಎಂಬ ಮಾತು ಅಜ್ಜಿಯ ಬಾಯಿಂದ ವಾಟ್ಸಾಪಿಗೆ ಬಂದಾಗ ಏನಾಯಿತೆಂದು ನಾವು ಕಂಡಿದ್ದೇವೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟ ಪರವೂರಿನವರನ್ನು ಮಕ್ಕಳ ಕಳ್ಳರೆಂದು ತಿಳಿದು ಗುಂಪು ಮೇಲೆ ಬಿತ್ತು. ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್ ಸತ್ತುಹೋದ.

ಹಾಗಾದರೆ ಹೆದರಿಸುವುದನ್ನೇ ನಿಲ್ಲಿಸಬೇಕೇ? ಆಸ್ಟ್ರಿಯಾದ ಸರ್ಕಾರಗಳು ಪ್ರಯತ್ನಿಸಿವೆ. 1930ರ ದಶಕದಲ್ಲಿ ಅಲ್ಲಿಯ ಸರ್ವಾಧಿಕಾರಿ ಸರ್ಕಾರ ಕ್ರಾಂಪಸ್‌ಗೆ ನಿಷೇಧ ಹಾಕಿತು. 1950ರ ದಶಕದಲ್ಲಿ ಕ್ರಾಂಪಸ್ ಕೆಟ್ಟವನು, ಮಕ್ಕಳ ಮನಸ್ಸಿಗೆ ಹಾನಿ ಎಂದು ಕರಪತ್ರ ಹಂಚಿದರು. ಅವನು ಹೋಗಲಿಲ್ಲ. ಈಗ ಊರೂರಿನಲ್ಲಿ ಕ್ರಾಂಪಸ್ ಓಟ ನಡೆಯುತ್ತದೆ. ರಸ್ತೆಗೆ ಬೇಲಿ, ಟಿಕೆಟ್ಟು, ಪೊಲೀಸು. ಕುಡಿದು ಜೋರಾಗಿ ಹೊಡೆದರೆ ದೂರು ಕೊಡಲು ಅನುಕೂಲವಾಗಲೆಂದು ಎಷ್ಟೋ ಕಡೆ ವೇಷಕ್ಕೆ ನಂಬರು ಕಟ್ಟುತ್ತಾರೆ. ನಂಬರಿರುವ ರಾಕ್ಷಸ!

ಯಾರ ಅವಮಾನವೂ ಇಲ್ಲದೆ ಹೆದರಿಸುವ ಕಲೆ ನಮ್ಮಲ್ಲಿ ಇದೆ. ಅದು ಯಕ್ಷಗಾನದ ಬಣ್ಣದ ವೇಷ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಮಳೆಗಾಲದ ತನಕ ಘಟ್ಟದ ಮೇಲೂ ಕೆಳಗೂ ಆಟ. ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಮುಳ್ಳುಮುಳ್ಳಾಗಿ ಮುಖಕ್ಕೆ ಇಡುತ್ತ ವೇಷಧಾರಿ ಬಣ್ಣದ ಮನೆಯಾದ ಚೌಕಿಯಲ್ಲಿ ಗಂಟೆಗಟ್ಟಲೆ ಕೂರುತ್ತಾನೆ. ನಡುರಾತ್ರಿ ದಾಟಿ, ಗದ್ದೆಯಲ್ಲಿ ಹಾಸಿದ ಚಾಪೆಯ ಮೇಲೆ ಮಕ್ಕಳೆಲ್ಲ ಒರಗಿರುವಾಗ ಚೆಂಡೆಯ ಪೆಟ್ಟು ಬದಲಾಗುತ್ತದೆ. ಸಭೆಯ ಹಿಂಭಾಗದಿಂದ ಅಬ್ಬರ. ಎರಡು ಕಡೆ ದೊಂದಿ. ರಾಳದ ಪುಡಿ ಎರಚಿದೊಡನೆ ಭುಗ್ಗೆಂದು ಆಳೆತ್ತರದ ಬೆಂಕಿ. ಅದರ ಬೆಳಕಿನಲ್ಲಿ ಆ ಮುಖ ಒಮ್ಮೆ ಕಾಣುತ್ತದೆ, ಮತ್ತೆ ಕತ್ತಲೆ. ಗಂಡು ರಾಕ್ಷಸನಾದರೆ ಒಂದು ಬಗೆ, ಶೂರ್ಪನಖಿಯಂಥ ಹೆಣ್ಣು ಬಣ್ಣವಾದರೆ ಇನ್ನೊಂದು ಬಗೆ. ಅವಳು ಹೆದರಿಸುತ್ತಲೇ ಕನ್ನಡಿ ನೋಡಿ ಸಿಂಗರಿಸಿಕೊಂಡು ನಗಿಸುತ್ತಾಳೆ. ಪೆರ್ಖ್ಟಾ, ಗ್ರೀಲಾ ಇವರಿಗೆ ಸಾಟಿಯಾದವರು ಬೇಕೆಂದರೆ ಅಲ್ಲಿ ನೋಡಬೇಕು.

ಈಚಿನ ವರ್ಷಗಳಲ್ಲಿ ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡಬೇಕು. ನಿದ್ದೆಗಣ್ಣಿನ ಸಭೆಗೆಂದೇ ಮೀಸಲಾಗಿದ್ದ ವೇಷ ಈಗ ಎಚ್ಚರವಿರುವ, ಮೊಬೈಲ್ ಎತ್ತಿ ಹಿಡಿದ ಸಭೆಯ ನಡುವೆ ಬರಬೇಕಾಗಿದೆ. ಅದಕ್ಕೆ ಪೆಟ್ಟು ಬಿದ್ದಿರುವುದು ನಿಜ. ಆದರೂ ಈ ಸಲ ನಿಮ್ಮೂರಿನ ಹತ್ತಿರ ಆಟವಾದರೆ ಮಕ್ಕಳನ್ನು ಸ್ವಲ್ಪ ಬೇಗ ಕರೆದುಕೊಂಡು ಹೋಗಿ, ಕೇಳಿಕೊಂಡು ಚೌಕಿಯೊಳಗೂ ಹೊಕ್ಕು ಬನ್ನಿ. ಅರ್ಧ ಮುಖಕ್ಕೆ ಚಿಟ್ಟಿ ಇಟ್ಟುಕೊಂಡ ರಾಕ್ಷಸ ಚಹಾ ಕುಡಿಯುತ್ತ, ಯಾವ ಶಾಲೆ ಮಗಾ ಎಂದು ವಿಚಾರಿಸುತ್ತಾನೆ. ಅಷ್ಟೆಲ್ಲ ಮಾತಾಡಿಸಿಕೊಂಡು ಬಂದ ಮಗುವೂ ದೊಂದಿ ಭುಗ್ಗೆಂದಾಗ ಅತ್ತೇ ಅಳುತ್ತದೆ, ಆಮೇಲೆ ಮುಂದಿನ ಸಾಲಿಗೆ ಹೋಗೋಣ ಎಂದು ಕೈ ಹಿಡಿದು ಎಳೆಯುತ್ತದೆ.